ಜಡ್ಜ್ ಬಾಯಾರಿಗೆ ಉಡಿ ತುಂಬಿದ ದಿನ

ನಾನು ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ನಾಲ್ಕನೆಯ ಇಯತ್ತೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ನಡುವೆ ಒಂದು ಗೋಡೆ ಎದ್ದಿತು.

ನಮ್ಮದು ಇಂಡಿಯಿಂದ ಹಲಸಂಗಿ ಕಡೆಗೆ ಹೋಗುವ ದಾರಿಯಲ್ಲಿದ್ದ ಸಣ್ಣ ಊರು. ಮಣ್ಣಿನ ಮಾಳಿಗೆಯ, ಎಂದರೆ ಮಣ್ಣು ಹೊದಿಸಿದ ಸಮತಟ್ಟು ಚಾವಣಿಯ ಮನೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಕಾಲಿಟ್ಟರೆ ಸಗಣಿ ಸಾರಿಸಿದ ನೆಲ ತಣ್ಣಗಿರುತ್ತಿತ್ತು. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರ ಕೆಳಗೆ, ನೆಲದಲ್ಲಿ ಹೂಳಿದ್ದ ಬೀಸುವ ಕಲ್ಲು. ನಸುಕಿನಲ್ಲಿ ಅವ್ವ ಮತ್ತು ಚಿಗವ್ವ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಬಿಸಿ ಜೋಳದ ಹಿಟ್ಟಿನ ವಾಸನೆಗೆ ನನಗೆ ಎಚ್ಚರವಾಗುತ್ತಿತ್ತು. ಚಿಗವ್ವ ಎಂದರೆ ಕಾಕಾನ ಹೆಂಡತಿ. ಕಾಕಾ ನಮ್ಮ ಅಪ್ಪನ ತಮ್ಮ.

ಅಪ್ಪ ಜ್ವರ ಬಂದು ತೀರಿಹೋದ. ಮುಂದಿನ ಬೇಸಿಗೆಯಲ್ಲಿ ಅವ್ವ, ಅಕ್ಕ ಮತ್ತು ನಾನು ಅಜ್ಜಿಯ ಊರಿಗೆ ಹೋಗಿ ಬರುವಷ್ಟರಲ್ಲಿ ಕಾಕಾ ನಡುಮನೆಗೆ ಅಡ್ಡಲಾಗಿ ಗೋಡೆ ಕಟ್ಟಿಸಿದ್ದ. ಅಡುಗೆಮನೆ, ದೇವರ ಕೋಣೆ, ಕಾಳು ತುಂಬಿಡುವ ಹಗೇವು, ಹಿತ್ತಲಿನ ಬಾವಿ, ಎಲ್ಲವೂ ಗೋಡೆಯ ಆ ಕಡೆಗೆ ಹೋದವು. ನಮ್ಮ ಕಡೆಗೆ ಉಳಿದದ್ದು ದನ ಕಟ್ಟುವ ಜಾಗ ಮತ್ತು ಬೀಸುವ ಕಲ್ಲಿನ ಮೂಲೆ.

"ಇದೇನೋ ತಮ್ಮಾ?" ಎಂದು ಅವ್ವ ಕೇಳಿದಳು.

"ಏನಂದ್ರ? ಅಣ್ಣ ಇದ್ದಾಗನ ಪಾಲಾಗೇತಿ. ಅವನ ಪಾಲಿಗೆ ಬಂದದ್ದು ಇಷ್ಟ. ಈ ಗೋಡಿ ಆವಾಗಿಂದ ಐತಿ," ಎಂದ ಕಾಕಾ. ಗೋಡೆಯ ಹಸಿ ಇನ್ನೂ ಆರಿರಲಿಲ್ಲ.

ಕಾಕಾ ಪಂಚಾಯಿತಿಯ ಮೆಂಬರ್. ಊರಿನಲ್ಲಿ ಎಲ್ಲರಿಗೂ ಸತ್ಯ ಗೊತ್ತಿತ್ತು. ಅದನ್ನು ಹೇಳುವವರು ಯಾರೂ ಇರಲಿಲ್ಲ.

ಆಗ ಇಂಡಿಯ ಕೋರ್ಟಿಗೆ ಒಬ್ಬ ಹೆಣ್ಣು ಜಡ್ಜ್ ಬಂದಿದ್ದರು. ನಮ್ಮ ಕಡೆ ಅಂಥವರನ್ನು ಯಾರೂ ಕಂಡಿರಲಿಲ್ಲ. ಜನ ಅವರನ್ನು ಗೌರವದಿಂದ ಜಡ್ಜ್ ಬಾಯಾರು ಎನ್ನುತ್ತಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಅವರು ಹೆಣ್ಣುಮಕ್ಕಳ ಶಾಲೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತುಕೊಳ್ಳುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಡಿ, ಗಂಡ ಹೊರಗೆ ಹಾಕಿದರೆ ಹೊಟ್ಟೆಗೆ ಕೇಳುವ ಹಕ್ಕಿದೆ, ಗಂಡ ಸತ್ತರೆ ಹೆಂಡತಿಗೂ ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅವರದು ಬೆಂಗಳೂರಿನ ಕಡೆಯ ಮೆತ್ತನೆಯ ಕನ್ನಡ. "ಬಾಯಾರು ಬೈದ್ರೂ ಜೋಗುಳ ಹಾಡಿದಂಗ ಕೇಳಸ್ತೈತಿ," ಎಂದು ಹೆಂಗಸರು ನಗುತ್ತಿದ್ದರು.

ಒಂದು ಭಾನುವಾರ ಒಬ್ಬ ಮುದುಕಿ, "ನಿಮ್ಮ ಊರು ಯಾವುದ್ರಿ?" ಎಂದು ಕೇಳಿಯೇಬಿಟ್ಟಳು. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ಎದ್ದು ಕುಳಿತೆ. ಅವರು ಹುಟ್ಟಿದ್ದು ಕಡಲಾಚೆ ಬರ್ಮಾದಲ್ಲಿ. ಅವರಪ್ಪ ಅಲ್ಲಿ ಮರದ ಡಿಪೋದಲ್ಲಿ ಗುಮಾಸ್ತ. ಯುದ್ಧ ಬಂದಾಗ ಸಾವಿರಾರು ಜನರ ಜೊತೆ ಕಾಡು ಗುಡ್ಡ ಹತ್ತಿ ಇಳಿದು ನಡೆಯುತ್ತ ಬಂದರಂತೆ. ದಾರಿಯಲ್ಲಿ ತಾಯಿ ತೀರಿಕೊಂಡರು. ಈ ಕಡೆಯ ಶಿಬಿರದಲ್ಲಿ ಒಬ್ಬ ಅಧಿಕಾರಿ ಮೇಜಿನ ಹಿಂದೆ ಕುಳಿತು, ನಿಮ್ಮ ಊರು ಯಾವುದು, ನಿಮ್ಮನ್ನು ಬಲ್ಲವರು ಯಾರು ಎಂದು ಕೇಳಿದನಂತೆ. ಅಪ್ಪನ ಬಳಿ ಉತ್ತರ ಇರಲಿಲ್ಲ. "ಆ ಮೇಜಿನ ಆ ಕಡೆ ನಾನು ಕೂರಬೇಕು ಅಂತ ಅವತ್ತೇ ಅನ್ನಿಸಿತು," ಎಂದರು ಬಾಯಾರು. ಹಗಲು ಮಕ್ಕಳಿಗೆ ಪಾಠ ಹೇಳಿ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಹಲವು ವರ್ಷ ವಕೀಲಿಕೆ ಮಾಡಿ ಅಲ್ಲಿ ಕುಳಿತಿದ್ದರು.

ಅವರ ಮಾತು ಕೇಳಿ ಅವ್ವ ದಾವೆ ಹಾಕಿದಳು. ಅಂದಿನಿಂದ ಭಾನುವಾರದ ಚಾಪೆಗೆ ಹೋಗುವುದು ನಿಂತಿತು. ತಮ್ಮ ಕೋರ್ಟಿನಲ್ಲಿ ಕೇಸು ಇದ್ದವರು ಅಲ್ಲಿಗೆ ಬರಕೂಡದು ಎಂಬುದು ಬಾಯಾರ ಕಟ್ಟುನಿಟ್ಟು. ಅವರು ಯಾರ ಮನೆಯ ಚಹಾ ಕುಡಿಯುತ್ತಿರಲಿಲ್ಲ. ಹಳ್ಳಿಗೆ ಹೋದರೆ ನೀರೂ ತಮ್ಮದೇ.

ನನಗೆ ಆಗಿನಿಂದಲೂ ದಿನದಿನದ್ದನ್ನು ಬರೆದಿಡುವ ಚಟ. ಅವ್ವನಿಗೆ ಓದು ಬಾರದ್ದರಿಂದ ಕೋರ್ಟಿನ ತಾರೀಖು ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಬರೆದ ತಾರೀಖು ಬಂದಾಗಲೆಲ್ಲ ಕಾಕಾನ ವಕೀಲ ಇನ್ನೊಂದು ತಾರೀಖು ಕೇಳುತ್ತಿದ್ದ. ಕೊನೆಗೊಮ್ಮೆ ಬಾಯಾರು, "ಗೋಡೆ ಯಾವಾಗಿನದು ಅಂತ ನಾನೇ ಬಂದು ನೋಡ್ತೀನಿ," ಎಂದರು.

ಅದೊಂದು ಶನಿವಾರ. ಬಾಯಾರು ಟಾಂಗಾದಲ್ಲಿ ಬಂದಿಳಿದರು. ಬಿಳಿ ಸೀರೆ, ಕಪ್ಪು ಕೊಡೆ, ಹೆಗಲಿಗೆ ನೀರಿನ ಬಾಟಲಿ. ಜೊತೆಗೆ ಕೋರ್ಟಿನ ಗುಮಾಸ್ತ ಮತ್ತು ಎರಡೂ ಕಡೆಯ ವಕೀಲರು. ಊರಿನವರೆಲ್ಲ ಮಾಳಿಗೆಗಳ ಮೇಲೆ ಸಾಲಾಗಿ ನಿಂತಿದ್ದರು. ಅವ್ವ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಬಾಯಾರು ಕೈಮುಗಿದು ಬೇಡವೆಂದರು. ಕಾಕಾ ತರಿಸಿದ ಚಹಾಕ್ಕೂ ಹಾಗೆಯೇ ಕೈಮುಗಿದರು.

ಅವರು ಗೋಡೆಯನ್ನು ಮುಟ್ಟಿ ನೋಡಿದರು. ತಲೆಯೆತ್ತಿ ಬೆಳಕಿಂಡಿ ನೋಡಿದರು. ಗೋಡೆ ಅದರ ಪಕ್ಕದಲ್ಲೇ ಏರಿತ್ತು. ಆಮೇಲೆ ಬೀಸುವ ಕಲ್ಲಿನ ಮುಂದೆ, ಗೋಡೆಗೂ ಕಲ್ಲಿಗೂ ನಡುವಿದ್ದ ಕಿಷ್ಕಿಂಧೆಯಂಥ ಜಾಗದಲ್ಲಿ, ಸೀರೆ ಸಾವರಿಸಿಕೊಂಡು ಕುಳಿತೇಬಿಟ್ಟರು. ಗೂಟ ಹಿಡಿದು ತಿರುಗಿಸಿದರು. ಬಲಗೈಯ ಮೊಣಕೈ ಹೋಗಿ ಗೋಡೆಗೆ ಬಡಿಯಿತು. ಇನ್ನೊಮ್ಮೆ ತಿರುಗಿಸಿದರು. ಮತ್ತೆ ಬಡಿಯಿತು.

"ಹಿಟ್ಟು ಸಣ್ಣಗ ಬೀಸ್ರಿ ಬಾಯಾರ!" ಎಂದು ಬೆಳಕಿಂಡಿಯಲ್ಲಿ ಇಣುಕಿದ್ದ ಒಬ್ಬ ಮುದುಕ ಕೂಗಿದ. ಮಾಳಿಗೆಯ ಮೇಲಿದ್ದವರು ಗೊಳ್ಳೆಂದು ನಕ್ಕರು.

"ಬಾಯಾರು ನ್ಯಾಯಾ ಕೊಡಾಕ ಬಂದಾರೋ, ನುಚ್ಚು ಒಡ್ಯಾಕ ಬಂದಾರೋ?" ಎಂದು ಕಾಕಾ ತನ್ನ ವಕೀಲನ ಕಿವಿಯಲ್ಲಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ.

ಬಾಯಾರು ನಗಲಿಲ್ಲ. ಅವ್ವನ ಕಡೆ ತಿರುಗಿ, "ನೀವು ಹೇಗೆ ಬೀಸ್ತೀರಿ?" ಎಂದು ಕೇಳಿದರು.

"ಎಡಗೈಲೆ ಕಲಿತೇನ್ರಿ. ಗೋಡಿ ಬಂದಮ್ಯಾಲೆ," ಎಂದಳು ಅವ್ವ.

ಬಾಯಾರು ಎದ್ದು ಕೈ ಜಾಡಿಸಿ ಕಾಕಾನನ್ನು ಕೇಳಿದರು. "ಈ ಕಲ್ಲು ಯಾವಾಗ ಹೂಳಿದ್ದು?"

"ನಮ್ಮ ಮುತ್ಯಾನ ಕಾಲದ್ದರಿ," ಎಂದ ಕಾಕಾ ಹೆಮ್ಮೆಯಿಂದ.

"ನಿಮ್ಮಣ್ಣ ಇದ್ದಾಗಲೇ ಈ ಗೋಡೆ ಇದ್ದಿದ್ದರೆ ಆ ಕಡೆಯ ಅಡುಗೆಮನೆಯವರು ಇಲ್ಲಿ ಕೂತು ಬೀಸುತ್ತಿದ್ದದ್ದು ಹೇಗೆ? ಕಲ್ಲು ಸರಿಯಾಗಿ ತಿರುಗಿಸೋಕೇ ಆಗದ ಹಾಗೆ ಅದರ ಪಕ್ಕದಲ್ಲೇ ಗೋಡೆ ಕಟ್ಟೋಕೆ ನಿಮ್ಮಣ್ಣ ಒಪ್ಪಿದರಾ?"

ಕಾಕಾ ವಕೀಲನ ಮುಖ ನೋಡಿದ. ವಕೀಲ ಮಾಳಿಗೆ ನೋಡಿದ. ಅಕ್ಕ ನನ್ನ ಕೈಯನ್ನು ನೋವಾಗುವಂತೆ ಹಿಸುಕಿದಳು. ಗೆದ್ದೆವು ಎಂದು ನಮಗೆ ಅನ್ನಿಸಿತು.

ಬಾಯಾರು ಹೊರಟರು. ಮಕ್ಕಳೇ, ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತೇವೆ. ಅವ್ವ ಬೆಳಗ್ಗೆಯೇ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ಆದರೆ ಅವ್ವ ವಿಧವೆ. ಆ ಕಾಲದ ರೂಢಿಯಂತೆ ಅವಳು ಉಡಿ ತುಂಬುವಂತಿರಲಿಲ್ಲ. ಅವಳು ತಟ್ಟೆ ಹಿಡಿದು ನಿಂತಳು. ಗೋಡೆಯ ಆ ಕಡೆಯ ಬಾಗಿಲಲ್ಲಿ ಚಿಗವ್ವ ನಿಂತಿದ್ದಳು. ಗೋಡೆ ಎದ್ದ ದಿನದಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಚಿಗವ್ವ ಬಂದಳು. ಅವ್ವನ ಕೈಯಿಂದ ತಟ್ಟೆ ತೆಗೆದುಕೊಂಡಳು. "ಕುಂಕುಮ ಎಲ್ಲೈತೆಕ್ಕಾ?" ಎಂದು, ನಿನ್ನೆ ತಾನೇ ಮಾತಾಡಿದವಳಂತೆ ಕೇಳಿದಳು. ಅವ್ವ ತೋರಿಸಿದಳು.

"ಸೆರಗು ಒಡ್ರಿ ಬಾಯಾರ," ಎಂದಳು ಚಿಗವ್ವ.

"ಬೇಡಮ್ಮ. ನಾನು ಏನೂ ತಗೊಳ್ಳೋ ಹಾಗಿಲ್ಲ."

"ಏನೂ ಅಂದ್ರ ಏನ್ರಿ? ಇದು ಕೊಡೋದಲ್ಲ, ಉಡಿ. ಮನಿಗೆ ಬಂದ ಹೆಣ್ಮಗಳು ಬರೇ ಉಡೀಲೆ ಹೊಸ್ತಿಲ ದಾಟಿದ್ರ ಈ ಮನಿಗೆ ಒಳ್ಳೇದಾಗಂಗಿಲ್ಲ. ನಿಮ್ಮ ತವರುಮನ್ಯಾಗ ತುಂಬಂಗಿಲ್ಲೇನು?"

"ನನಗೆ ತವರುಮನೆ ಇಲ್ಲಮ್ಮ."

"ಅಯ್ಯ ಶಿವನ! ಹಂಗಂದ್ರ ಇದನ್ನ ತವರುಮನಿ ಅನ್ಕೊಳ್ರಿ. ನಾವಿಬ್ರೂ ಅಕ್ಕ ತಂಗೇರು," ಎಂದು ಚಿಗವ್ವ ಅವ್ವನ ಕಡೆ ನೋಡಿ ನಕ್ಕಳು. ಅವ್ವನೂ ನಕ್ಕಳು.

ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಯಾರು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಸೆರಗು ಒಡ್ಡಿದರು. ಅದನ್ನು ಹೇಗೆ ಹಿಡಿಯಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಅಕ್ಕಿ ಒಂದು ಕಡೆಯಿಂದ ಸೋರಿತು. ಚಿಗವ್ವ, "ಹಿಂಗ ಹಿಡೀರಿ," ಎಂದು ಸೆರಗಿನ ತುದಿಯನ್ನು ಮಡಚಿ ಅವರ ಸೊಂಟಕ್ಕೆ ಸಿಕ್ಕಿಸಿದಳು. ಟಾಂಗಾ ಹತ್ತುವಾಗ ಬಾಯಾರು ಒಂದು ಕೈಯಿಂದ ಆ ಉಡಿಯನ್ನು ಹಿಡಿದುಕೊಂಡೇ ಇದ್ದರು. ಆ ಸಂಜೆ ಗೋಡೆಯಾಚೆಯಿಂದ ಚಿಗವ್ವ ನಮಗೆ ರೊಟ್ಟಿಗೆ ಹಚ್ಚಿಕೊಳ್ಳಲು ಪುಂಡಿಪಲ್ಲೆ ಕಳಿಸಿದಳು.

ಮುಂದಿನ ತಾರೀಖಿಗೆ ಅಕ್ಕ ಒಗೆದ ಸೀರೆ ಉಟ್ಟಳು. ಕೋರ್ಟಿನಲ್ಲಿ ಕಾಕಾ ಚಿಗವ್ವನನ್ನೂ ಕರೆದುಕೊಂಡು ಬಂದಿದ್ದ. ಅವನ ವಕೀಲ ಎದ್ದು ಒಂದು ಅರ್ಜಿ ಓದಿದ. ದಾವೆ ಹಾಕಿದವಳು ತನ್ನ ಮನೆಯಲ್ಲಿ ಜಡ್ಜರಿಗೆ ಉಡಿ ತುಂಬಿದ್ದಾಳೆ, ಜಡ್ಜರು ಆ ಮನೆಯನ್ನು ತವರುಮನೆ ಮಾಡಿಕೊಂಡಿದ್ದಾರೆ, ಇವರಿಂದ ನಮಗೆ ನ್ಯಾಯ ಸಿಗದು, ಬಿಜಾಪುರದ ದೊಡ್ಡ ಕೋರ್ಟಿಗೂ ಬರೆದಿದ್ದೇವೆ ಎಂದಿತ್ತು ಅದರಲ್ಲಿ.

ಅವ್ವ ಎದ್ದು ನಿಂತಳು. "ಸಾಹೇಬ್ರ, ನಾ ರಂಡಿಮುಂಡಿ, ಉಡಿ ಹೆಂಗ ತುಂಬಲಿ? ತುಂಬಿದಾಕಿ ಅಲ್ಲೇ ಕುಂತಾಳ ನೋಡ್ರಿ. ಆಕಿನ್ನ ಕೇಳ್ರಿ."

ಎಲ್ಲರೂ ಚಿಗವ್ವನ ಕಡೆ ತಿರುಗಿದರು. ಕಾಕಾನೂ ತಿರುಗಿದ. ಚಿಗವ್ವ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು, "ನನಗೇನೂ ಗೊತ್ತಿಲ್ರಿ," ಎಂದಳು.

"ಆಕೆಯನ್ನ ಬಿಡಿ. ನೀವು ಕೂತ್ಕೊಳ್ಳಿ ಅಮ್ಮ," ಎಂದರು ಬಾಯಾರು. "ಯಾರು ಕೊಟ್ಟರು ಅನ್ನೋದಲ್ಲ. ನಾನು ತಗೊಂಡೆ. ಅದು ನಿಜ." ಅವರು ಗುಮಾಸ್ತನ ಕಡೆ ತಿರುಗಿ, ಈ ಕೇಸನ್ನು ಇನ್ನು ತಾವು ನಡೆಸುವುದಿಲ್ಲವೆಂದೂ, ತಾವು ಮನೆಗೆ ಬಂದು ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ಬರೆಸಿದರು. ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಸಂಜೆ ಇದ್ದದ್ದು ಒಂದೇ ಬಸ್ಸು. ನಾವು, ಕಾಕಾ, ಚಿಗವ್ವ ಅದರಲ್ಲೇ ಊರಿಗೆ ಮರಳಿದೆವು.

ಮರುದಿನ ಕಾಕಾ ಆಳುಗಳನ್ನು ಕರೆಸಿ ಬೀಸುವ ಕಲ್ಲನ್ನು ಕೀಳಿಸಿದ. ಆ ಗುಂಡಿಗೆ ಮಣ್ಣು ತುಂಬಿ ಸಗಣಿ ಸಾರಿಸಿದರು. ಒಂದು ವಾರದಲ್ಲಿ ಅಲ್ಲಿ ಏನೂ ಇರಲಿಲ್ಲವೆಂಬಂತೆ ನೆಲ ಒಂದಾಯಿತು.

ಬಾಯಾರನ್ನು ಘಟ್ಟದ ಕೆಳಗಿನ ಯಾವುದೋ ಊರಿಗೆ ವರ್ಗ ಮಾಡಿದರು. ಆಮೇಲೂ ಕೆಲವು ಭಾನುವಾರ ಹೆಂಗಸರು ಬಂದು ಶಾಲೆಯ ಪಡಸಾಲೆಯಲ್ಲಿ ಕುಳಿತು, ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಎದ್ದು ಹೋದರಂತೆ. ಹೊಸ ಜಡ್ಜರು ಮನೆ ನೋಡಲು ಬರಲಿಲ್ಲ. ಬಂದಿದ್ದರೂ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ತಾರೀಖು ಬರೆಯುತ್ತಲೇ ಎರಡು ಜಡೆಯಿಂದ ಒಂದು ಜಡೆಗೆ ಬಂದೆ. ದಾವೆ ವಜಾ ಆಯಿತು. ನಾವು ಸಿಂದಗಿಗೆ ಹೋಗಿ ಒಂದು ಕೋಣೆ ಹಿಡಿದೆವು. ಅವ್ವ ಮತ್ತು ಅಕ್ಕ ಖಾನಾವಳಿಗೆ ರೊಟ್ಟಿ ಬಡಿದು ನನ್ನನ್ನು ಓದಿಸಿದರು. ಅವ್ವ ಬಾಯಾರನ್ನು ಒಮ್ಮೆಯೂ ಬೈಯಲಿಲ್ಲ. "ಆಕಿಗೂ ಯಾರೂ ಇರಲಿಲ್ಲ," ಎನ್ನುತ್ತಿದ್ದಳು. ಚಿಗವ್ವನ ಹೆಸರು ಮಾತ್ರ ಎತ್ತುತ್ತಿರಲಿಲ್ಲ.

ನಿಮ್ಮ ಕಾಲ ಬೇರೆ. ಹಿಟ್ಟು ಚೀಲದಲ್ಲಿ ಮನೆಗೇ ಬರುತ್ತದೆ. ಕೋರ್ಟಿನ ತಾರೀಖು ಫೋನಿಗೆ ಬರುತ್ತದೆ, ಈಗಲೂ ಮುಂದಕ್ಕೇ ಹೋಗುತ್ತದೆ. ಹೆಣ್ಣು ಜಡ್ಜರನ್ನು ನೋಡಲು ಯಾರೂ ಮಾಳಿಗೆ ಹತ್ತುವುದಿಲ್ಲ. ನಿಮ್ಮಲ್ಲಿ ಚಿಕ್ಕವಳು ತಾನೂ ಜಡ್ಜ್ ಆಗುತ್ತೇನೆ ಎನ್ನುತ್ತಾಳೆ. ಆಗಲಿ. ನಾನು ಬೇಡ ಎನ್ನುವುದಿಲ್ಲ, ಆದರೆ ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಹೋದ ತಿಂಗಳು ಕಾಕಾನ ಮೊಮ್ಮಗನ ಮದುವೆಗೆ ನಾವೆಲ್ಲ ಕಾರಿನಲ್ಲಿ ಆ ಊರಿಗೆ ಹೋಗಿದ್ದೆವಲ್ಲ, ನೆನಪಿದೆಯೇ? ನಡುಮನೆಯಲ್ಲಿ ತಿಳಿನೀಲಿ ಬಣ್ಣ ಬಳಿದ ಆ ಅಡ್ಡಗೋಡೆಗೆ ದೊಡ್ಡ ಟಿ.ವಿ. ತೂಗುಹಾಕಿದ್ದರು. ನೀವು ಆ ಮನೆಯ ಮಕ್ಕಳ ಜೊತೆ ಕಾರ್ಟೂನ್ ನೋಡಿ, ಬುಂದಿ ತಿಂದು, ಸಾಕಾದ ಮೇಲೆ ಹೋಗಿ ಅದೇ ಗೋಡೆಗೆ ಒರಗಿ ನಿದ್ದೆ ಮಾಡಿಬಿಟ್ಟಿರಿ. ನಿಮ್ಮನ್ನು ಎಬ್ಬಿಸಲು ಬಂದವಳು ನಾನು. "ಅಜ್ಜೀ, ಈ ಗೋಡಿ ಎಷ್ಟ ತಂಪೈತಿ ನೋಡು," ಎಂದು ಚಿಕ್ಕವಳು ಕಣ್ಣುಮುಚ್ಚಿಕೊಂಡೇ ಹೇಳಿದಳು. ನಾನು ಮುಟ್ಟಿ ನೋಡಿದೆ. ಹೌದು, ತಂಪಾಗಿತ್ತು.