ಟೀಚರ ಕಾಲಿನ ಸದ್ದು

ಎಲ್ಲರಿಗೂ ಹಿಮ್ಮಡಿ ಒಡೆಯುತ್ತದೆ. ನಮ್ಮ ಟೀಚರಿಗೆ ಒಡೆದದ್ದು ಬಲಗಾಲಿನ ಮುಂಭಾಗ, ಹೆಬ್ಬೆರಳ ಬುಡದಲ್ಲಿ. ಅಲ್ಲಿ ಹುಣಸೆಬೀಜದ ಬಣ್ಣದ ದಪ್ಪ ಚರ್ಮ ಕಟ್ಟಿತ್ತು. ಬೆಳ್ತಂಗಡಿ ಕಡೆಯ ನಮ್ಮ ಸಣ್ಣ ಇಗರ್ಜಿಯಲ್ಲಿ ನಲವತ್ತು ವರ್ಷ, ಭಾನುವಾರ ತಪ್ಪದೆ, ಚಪ್ಪಲಿ ಬಿಚ್ಚಿಟ್ಟು ಕಾಲು ಹಾರ್ಮೋನಿಯಂ ತುಳಿದದ್ದರ ಸಂಪಾದನೆ ಅದು. ಅದರಿಂದ ಬೇರೆ ಸಂಪಾದನೆ ಆದದ್ದನ್ನು ನಾನು ಕಾಣೆ.

ಉಳಿದ ದಿನಗಳಲ್ಲಿ ಅವರು ಪ್ರಾಥಮಿಕ ಶಾಲೆಯ ಟೀಚರು. ಮನೆಮಾತು ಕೊಂಕಣಿಯಾದರೂ ಶಿಷ್ಯರೊಡನೆ ಕನ್ನಡವೇ. ಹಾರ್ಮೋನಿಯಮ್ಮಿನೊಳಗೆ ಇಲಿ, ಜಿರಲೆ ಸೇರಬಾರದೆಂದು ನುಸಿಗುಳಿಗೆ ಇಡುತ್ತಿದ್ದರು. ಹಾಗಾಗಿ ನನ್ನ ಮೂಗಿಗೆ ಇವತ್ತಿಗೂ ಭಕ್ತಿಯ ವಾಸನೆ ಎಂದರೆ ನುಸಿಗುಳಿಗೆಯದ್ದು. ಒಂಬತ್ತನೆಯ ವಯಸ್ಸಿನಲ್ಲಿ ಕಲಿಯಲು ಹೋದ ನನಗೆ ಒಂದು ತಿಂಗಳು ಅವರು ಸ್ವರದ ಮನೆಗಳ ಮೇಲೆ ಬೆರಳಿಡಲು ಬಿಡಲಿಲ್ಲ. ಕೆಳಗಿನ ಹಲಗೆ ತುಳಿದು ತಿದಿಗೆ ಗಾಳಿ ತುಂಬುವುದಷ್ಟೇ ಪಾಠ.

"ನುಡಿಸುವುದು ಯಾವಾಗ ಟೀಚರ್?" ಎಂದು ಕೇಳಿದ್ದೆ.

"ಗಾಳಿ ಕೊಡ್ಲಿಕ್ಕೆ ಬರುವುದಿಲ್ಲ, ನುಡಿಸ್ಲಿಕ್ಕೆ ಹೊರಟಿದ್ದೀಯಾ? ಮೊದಲು ಉಸಿರು, ಮತ್ತೆ ಸ್ವರ."

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ನಾವು ಹುಡುಗರು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದೆವು.

ನಾನು ಮುಂದೆ ಮೂಡುಬಿದಿರೆಯಲ್ಲಿ ಒಂದು ಪುಟ್ಟ ರೆಕಾರ್ಡಿಂಗ್ ಕೋಣೆ ಮಾಡಿಕೊಂಡೆ. ತುಳು ನಾಟಕಗಳಿಗೆ, ಜಾಹೀರಾತುಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವ ಕೆಲಸ. ಲ್ಯಾಪ್‌ಟಾಪಿನೊಳಗೇ ಕೂತು ಯಾವ ವಾದ್ಯದ ದನಿಯನ್ನಾದರೂ ಹೊರಡಿಸುವ ಸಿಂಥಸೈಜರ್ ಸಾಫ್ಟ್‌ವೇರುಗಳು ಬರುತ್ತಲೇ ಇರುತ್ತವೆ. ಪ್ರತಿಯೊಂದನ್ನೂ ಪರೀಕ್ಷಿಸಬೇಕು. ನೂರಾರು ದನಿಗಳನ್ನು ಒತ್ತಿ ಒತ್ತಿ ಕೇಳಿದರೆ ಸಂಜೆಗೆ ವಯಲಿನ್ನೂ ಒಂದೇ, ಮಿಕ್ಸಿಯೂ ಒಂದೇ ಅನ್ನಿಸುತ್ತದೆ. ಯಾವುದೂ ಕೆಟ್ಟದಾಗಿರುವುದಿಲ್ಲ, ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿಹೋಗಿದೆ.

ಎರಡು ವರ್ಷದ ಹಿಂದೆ ಊರಿನ ಫಾದರ್ ಫೋನ್ ಮಾಡಿದರು. "ಟೀಚರಿಗೆ ಮೊಣಕಾಲು ನೋವು, ತುಳೀಲಿಕ್ಕೆ ಕೂಡುವುದಿಲ್ಲ ಮಾರಾಯ. ಆರ್ಗನ್ನಿನ ಒಂದು ಸಾಫ್ಟ್‌ವೇರ್ ನೋಡಿದ್ದೇವೆ. ನಮಗೆ ಆಗ್ತದಾ ಇಲ್ವಾ, ನೀನೇ ಹೇಳ್ಬೇಕು. ನೀನು ಹೇಳಿದ ಹಾಗೆ ಮಾಡುವ."

ಟೀಚರನ್ನು ಹಾರ್ಮೋನಿಯಮ್ಮಿನ ಸ್ಟೂಲಿನಿಂದ ಎಬ್ಬಿಸುವ ಮಾತು ನನ್ನ ಬಾಯಿಂದಲೇ ಬರಬೇಕಾಯಿತು. ಒಂದು ವಾರ ಪರೀಕ್ಷಿಸಿದೆ. ದನಿ ತುಂಬು, ಶ್ರುತಿ ಕದಲುವುದಿಲ್ಲ, ಹಳೆಯ ಹಾರ್ಮೋನಿಯಮ್ಮಿನ ಕಿರಕಿರ ಒಂದಿಷ್ಟೂ ಇಲ್ಲ. ಆಗ್ತದೆ ಎಂದು ಫಾದರಿಗೆ ಕೊಟ್ಟ ವರದಿಯಲ್ಲಿ ಈ ಕೊನೆಯ ಗುಣವನ್ನು ವಿಶೇಷವಾಗಿ ಬರೆದೆ.

ಮೊದಲ ಭಾನುವಾರ ಕೀಬೋರ್ಡಿಗೆ ಕೂತದ್ದು ಗಾಯನ ತಂಡದ ನರ್ಸ್ ಒಬ್ಬರು. ಚೆನ್ನಾಗಿಯೇ ನುಡಿಸಿದರು. ಆದರೆ ಹಾಡು ಎದ್ದೇಳಲಿಲ್ಲ. ಅರ್ಧ ಜನ ತಡವಾಗಿ ಶುರು ಮಾಡಿದರು, ಎರಡನೆಯ ಚರಣದಲ್ಲಿ ಹಿರಿಯ ಹೆಂಗಸರು ಉಸಿರು ಸಾಲದೆ ಸುಮ್ಮನಾದರು. ಮುಂದಿನ ಬೆಂಚಿನಲ್ಲಿ ಟೀಚರು ಕೈಕಟ್ಟಿ ಕೂತಿದ್ದರು. ಅವರ ಬಲಗಾಲು ಮಾತ್ರ ಬರಿಯ ನೆಲವನ್ನು ತುಳಿಯುತ್ತಿತ್ತು.

ಪೂಜೆ ಮುಗಿದ ಮೇಲೆ ನಾನು ತಲೆತಗ್ಗಿಸಿ ಅವರ ಹತ್ತಿರ ಹೋದೆ. ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು. "ಇದು ಬೇಡ ಅಂತ ಬರೆದು ಕೊಡ್ತೇನೆ. ನೀವೇ ನುಡಿಸಿ ಟೀಚರ್," ಎಂದೆ.

"ನನ್ನ ಮೊಣಕಾಲು ನಿನ್ನ ಕಾಗದ ಓದ್ತದಾ?" ಎಂದರು. "ಸುಳ್ಳು ಬರೀಬೇಡ. ಮೆಷಿನ್ ಲಾಯ್ಕ ಉಂಟು. ಆದರೆ ಅದು ಉಸಿರು ಎಳೆಯುವುದಿಲ್ಲ. ಹಾಡುವವರಿಗೆ ಗೊತ್ತಾಗುವುದು ಹೇಗೆ?"

ಆಗ ಹೊಳೆಯಿತು. ಪ್ರತಿ ಸಾಲಿಗೆ ಮೊದಲು ಅವರು ಹಲಗೆಯನ್ನೊಮ್ಮೆ ಪೂರ್ತಿ ತುಳಿಯುತ್ತಿದ್ದರು. ಹಲಗೆ ಕಿರ್ರ್ ಎನ್ನುತ್ತಿತ್ತು. ನಲವತ್ತು ವರ್ಷದಿಂದ ಇಡೀ ತಂಡ ಆ ಸದ್ದಿಗೇ ಉಸಿರು ಎಳೆದುಕೊಳ್ಳುತ್ತಿತ್ತು. ಅದು ಹಾಡುವವರಿಗೂ ಗೊತ್ತಿರಲಿಲ್ಲ, ಅವರ ಕೈಯಲ್ಲೇ ಕಲಿತ ನನಗೂ ಗೊತ್ತಾಗಿರಲಿಲ್ಲ. ಗೊತ್ತಿಲ್ಲದ್ದನ್ನು ದೋಷವೆಂದು ಬರೆದುಕೊಟ್ಟಿದ್ದೆ.

ಮರುದಿನ ಮಧ್ಯಾಹ್ನ ಖಾಲಿ ಇಗರ್ಜಿಯಲ್ಲಿ ಫ್ಯಾನು ನಿಲ್ಲಿಸಿ, ಹಲಗೆಯ ಪಕ್ಕ ಮೈಕ್ ಇಟ್ಟೆ. ಟೀಚರು ಚಪ್ಪಲಿ ಬಿಚ್ಚಿ ಕೂತರು. ಮನೆಗಳನ್ನು ಮುಟ್ಟದೆ ಬರೀ ತುಳಿದರು, ಒಮ್ಮೆ ನಿಧಾನ, ಒಮ್ಮೆ ಜೋರು. ನಡುವೆ ರಿಕ್ಷಾ ಬಂತು, ಕಾಗೆ ಕೂಗಿತು, ಮತ್ತೆ ತುಳಿದರು. ಬೆವರು ಒರೆಸಿಕೊಂಡು ಮೊಣಕಾಲು ನೀವಿಕೊಂಡು ಮತ್ತೊಮ್ಮೆ ತುಳಿದರು. ಸಾಕು ಅಂದರೆ ಕೇಳಲಿಲ್ಲ.

ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ಕಾಲನ್ನು ತಾವೇ ಕೇಳಿದರು. ಪ್ರತಿ ತುಳಿತದ ಕೊನೆಗೆ ಅವರ ಗಂಟಲಿನಿಂದ ಒಂದು ಸಣ್ಣ ನರಳಿಕೆ ಹೊರಟಿತ್ತು. ಅವರಿಗದು ಅಲ್ಲಿಯವರೆಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕಿವಿಯಿಂದ ಅದನ್ನು ತೆಗೆದಿಟ್ಟು, "ನೋವಿನದ್ದು ತೆಗಿ. ಹಲಗೆಯದ್ದು ಇರಲಿ," ಎಂದರು.

ಎರಡು ದಿನ ಕೂತು ನೋವನ್ನು ತೆಗೆದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಉಳಿದ ಕಿರ್ರ್ ಸದ್ದನ್ನು ಸಿಂಥಸೈಜರಿನೊಳಗೆ ಹಾಕಿ, ಕೀಬೋರ್ಡಿನ ಎಡತುದಿಯ ಕೀ ಒತ್ತಿದರೆ ಬರುವ ಹಾಗೆ ಮಾಡಿದೆ. ಮುಂದಿನ ಭಾನುವಾರ ಹಾಡು ತಾನಾಗಿ ಎದ್ದಿತು. ಟೀಚರು ಬೆಂಚಿನಿಂದ ಹಿಂದೆ ತಿರುಗಿ ನನ್ನನ್ನು ನೋಡಿ, ಶಾಲೆಯಲ್ಲಿ ಲೆಕ್ಕ ಸರಿಯಾದಾಗ ಮಾಡುತ್ತಿದ್ದಂತೆ ಒಮ್ಮೆ ತಲೆಯಾಡಿಸಿದರು. ಆ ಸ್ಟೂಲಿನ ಮೇಲೆ ಅವರು ಮತ್ತೆ ಕೂರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಲಗಿದಲ್ಲೇ ಹೋದರಂತೆ. ಮೂಡುಬಿದಿರೆಯಿಂದ ಬಸ್ಸು ಬದಲಿಸಿ ನಾನು ಇಗರ್ಜಿಗೆ ಮುಟ್ಟುವಾಗ ಪೂಜೆ ಶುರುವಾಗುವುದರಲ್ಲಿತ್ತು. ಅವರ ಶವಪೆಟ್ಟಿಗೆ ಬಲಿಪೀಠದ ಮುಂದಿತ್ತು. ಕಾಲಿಗೆ ಬಿಳಿ ಸಾಕ್ಸ್ ತೊಡಿಸಿದ್ದರು, ಹೆಬ್ಬೆರಳ ಬುಡ ಕಾಣುತ್ತಿರಲಿಲ್ಲ. ನಾನು ಹಿಂದೆ ಹೋಗಿ ಗಾಯನ ತಂಡದ ಸಾಲಿನಲ್ಲಿ ನಿಂತೆ. ಅವರಿಗೊಂದು ಹಾಡು ಹೇಳಿ ಕಳಿಸಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು.

ನರ್ಸ್ ಎಡತುದಿಯ ಕೀ ಒತ್ತಿದರು. ಸ್ಪೀಕರಿನಲ್ಲಿ ಟೀಚರ ಕಾಲು ಹಲಗೆ ತುಳಿಯಿತು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಎಳೆದುಕೊಂಡರು. ನಾನೂ ಎಳೆದುಕೊಂಡೆ. ಸ್ವರ ಮಾತ್ರ ನನಗೆ ಬರಲಿಲ್ಲ.