ಬಿಸಿಯಾಗುವ ಎಂಜಿನ್

ಬ್ರಿಜ್‌ಟೌನ್ ಬಂದರಿನ ವ್ಯಾನುಗಳ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವ ಎವೆರಾಲ್ಡ್ ಹೋಲ್ಡರನಿಗೆ ನಮ್ಮ ದ್ವೀಪದ ಕಬ್ಬಿನ ದೊರೆಗಳ ಹಳೆಯ ಬಂಗಲೆಗಳೆಂದರೆ ಮಾವನ ಮನೆಯಷ್ಟು ಸಲಿಗೆ. ಹಡಗಿನಿಂದ ಇಳಿದ ಪ್ರವಾಸಿಗರನ್ನು ತುಂಬಿಕೊಂಡು ಹೊರಟನೆಂದರೆ ಅವನ ಬಾಯಿಗೆ ಬ್ರೇಕಿಲ್ಲ. ಊಟದ ಕೋಣೆಯ ಮಹಾಗನಿ ಮೇಜನ್ನು ತಾನೇ ಕೆತ್ತಿದವನಂತೆ ಹೊಗಳುತ್ತಾನೆ; ದೊರೆಸಾನಿಯ ಭೂತವನ್ನು ದಿನಕ್ಕೊಂದು ಕಿಟಕಿಯಲ್ಲಿ ನಿಲ್ಲಿಸುತ್ತಾನೆ. "ನೆರಳಿಗೆ ಬನ್ನಿ ಅಮ್ಮಾ, ಈ ಬಿಸಿಲು ನಮಗೇ ತಡೆಯಲ್ಲ" ಎಂದು ಮುದುಕಿಯರಿಗೆಲ್ಲ ಉಪಚಾರ. ಅವನ ವ್ಯಾನಿಗೆ ಮಾತ್ರ ಒಂದು ರೋಗ: ಬಂಗಲೆ ದಾಟಿ ಕಬ್ಬಿನ ಗದ್ದೆಯ ತಿರುವು ಬಂದೊಡನೆ ಎಂಜಿನ್ ಬಿಸಿಯಾಗುತ್ತದೆ. "ಸ್ವಲ್ಪ ನೀರು ಕುಡಿಸಿ ಬಂದೆ" ಎಂದು ಇಳಿದು ಬಾನೆಟ್ ಎತ್ತುತ್ತಾನೆ. ಒಳಗಿದ್ದವರು ಗೊಣಗುತ್ತಾರೆ, ಹಡಗಿನ ಏಜೆಂಟನಿಗೆ ದೂರು ಹೋಗುತ್ತದೆ. "ಇನ್ನೊಂದು ದೂರು ಬಂದ್ರೆ ನಿನ್ನ ಕರೆಯೋದೇ ಇಲ್ಲ" ಎಂದು ಏಜೆಂಟ್ ಎಲ್ಲರ ಮುಂದೆ ಬೈದದ್ದೂ ಆಯಿತು. ಒಮ್ಮೆ ಅವನ ಹಿಂದೆಯೇ ಬರುತ್ತಿದ್ದ ನಾನು ಕೈಹಚ್ಚೋಣವೆಂದು ಇಳಿದೆ. ಎಂಜಿನ್ನಿನಿಂದ ಹಬೆಯೂ ಇಲ್ಲ, ಹೊಗೆಯೂ ಇಲ್ಲ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಎವೆರಾಲ್ಡ್ ಟೋಪಿ ತೆಗೆದು, ಬಾಟಲಿಯ ರಮ್ಮನ್ನು ನೆಲಕ್ಕೆ ಎರೆಯುತ್ತಿದ್ದ. ಆ ಬಂಗಲೆಗಾಗಿ ಕಬ್ಬು ಕಡಿದು ಸತ್ತ ಗುಲಾಮರನ್ನು, ನಮ್ಮ ಹಿರಿಯರನ್ನು, ಹೂತದ್ದು ಅಲ್ಲೇ. ಗುರುತಿಗೊಂದು ಕಲ್ಲೂ ಇಲ್ಲ. "ಇರೋದನ್ನ ಹೇಳಿಬಿಡಬಾರದೇನೋ, ಹೊಟ್ಟೆಪಾಡು ಕಳ್ಕೊಳ್ತೀಯಲ್ಲ" ಎಂದೆ. ಅವನು ಸದ್ದಾಗದಂತೆ ಬಾನೆಟ್ ಮುಚ್ಚಿದ. "ಒಂದ್ಸಲ ಹೇಳಿದ್ದೆ ಕಣೋ. ಎಲ್ಲರೂ ಇಳಿದು, ಇದೇ ಮಣ್ಣಿನ ಮೇಲೆ ಸಾಲಾಗಿ ನಿಂತು, ನಗ್ತಾ ಫೋಟೋ ತೆಗೆಸ್ಕೊಂಡ್ರು."