ಮೂರು ಸಾಲಿನ ಕಾಗದ

ಚನ್ನಪಟ್ಟಣ ದಾಟುವಾಗ ಬಸ್ಸಿನೊಳಗೆ ಅರಗಿನ ವಾಸನೆ ನುಗ್ಗಿದರೆ ಉಳಿದವರೆಲ್ಲ ಬಗ್ಗಿ ಬಗ್ಗಿ ಗೊಂಬೆ ಅಂಗಡಿ ನೋಡುತ್ತಾರೆ, ನಾನು ಕಿಟಕಿ ಎಳೆದು ಮುಚ್ಚುತ್ತೇನೆ. ಪಕ್ಕದವರು ಸೆಕೆ ಎಂದು ಗೊಣಗಿದರೆ ಗೊಣಗಲಿ. ಗಿರಗಿರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಆ ಬಿಸಿ ವಾಸನೆ, ಒಂಚೂರು ಸಿಹಿ, ಒಂಚೂರು ಸುಟ್ಟದ್ದು, ನನ್ನ ಪಾಲಿಗೆ ದೊಡ್ಡವ್ವನ ಸೆರಗಿನ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ನಾನು ಆರನೇ ಕ್ಲಾಸಿನ ಪದ್ಮಿಯಾಗುತ್ತೇನೆ, ತೊಡೆಯ ಮೇಲೆ ಗೆರೆ ಹಾಕಿದ ಹಾಳೆ ಇಟ್ಟುಕೊಂಡು ನಡುಮನೆಯಲ್ಲಿ ಕೂತಿರುತ್ತೇನೆ. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯಾಗಿದೆ.

ಹಿತ್ತಲ ಶೆಡ್ಡಿನಲ್ಲಿ ಅಪ್ಪ ಹಾಲೆ ಮರ ಕಡೆದು ಬುಗುರಿ, ಗಿಲಕಿ, ಪುಟಾಣಿ ಗಾಡಿ ಮಾಡುತ್ತಿದ್ದ. ಗಾಡಿಗೆ ಚಕ್ರ ಕೂಡಿಸುವುದು, ಮಣಿ ಪೋಣಿಸುವುದು ಹೆಂಗಸರ ಕೆಲಸ. ಮಧ್ಯಾಹ್ನದ ಮುದ್ದೆ ಉಂಡು ಎಲೆಅಡಿಕೆ ಹಾಕಿದ ಮೇಲೆ ಬೀದಿಯ ಐದಾರು ಜನ ನಮ್ಮ ನಡುಮನೆಗೇ ಬರುತ್ತಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂತು ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿನಲ್ಲೇ ಮಣಿಯ ತೂತು ಹುಡುಕುತ್ತಿದ್ದಳು. ಅವಳ ದೊಡ್ಡ ಸೊಸೆಯೇ ದೊಡ್ಡವ್ವ, ಸಾಕಮ್ಮ. ಏಳನೇ ಕ್ಲಾಸಿನವರೆಗೆ ಓದಿದ ಅವಳಿಗೆ ಆ ಹೊತ್ತಿನಲ್ಲಿ ಚಕ್ರ ಕೂಡಿಸುವ ಕೆಲಸ ಮಾಫಿ. ಗಟ್ಟಿಯಾಗಿ ಓದಿ ಹೇಳುವುದೇ ಅವಳ ಕೆಲಸ. ಎಂಥ ಗಂಟಲು ಅಂತೀರಿ! ಕತೆಯಲ್ಲಿ ಯುದ್ಧ ಬಂದರೆ ಗುಡುಗುತ್ತಿದ್ದಳು, ತಾಯಿ ಅತ್ತರೆ ಅವಳ ದನಿಯೂ ಒದ್ದೆಯಾಗುತ್ತಿತ್ತು, ಚಕ್ರ ಕೂಡಿಸುತ್ತಿದ್ದ ಕೈಗಳು ಸುಮ್ಮನಾಗುತ್ತಿದ್ದವು.

ಕತೆಪುಸ್ತಕಕ್ಕಿಂತ ಚೆನ್ನಾಗಿ ಅವಳು ಓದುತ್ತಿದ್ದದ್ದು ದೊಡ್ಡಪ್ಪನ ಕಾಗದ. ದೊಡ್ಡಪ್ಪ ಮಿಲಿಟರಿಯಲ್ಲಿ ಡ್ರೈವರ್. ನಾನು ಹಾಲು ಕುಡಿಯುತ್ತಿದ್ದಾಗಲೋ ಏನೋ ಒಮ್ಮೆ ಬಂದು ಹೋದವನಂತೆ. ಮನಿಯಾರ್ಡರ್ ತಪ್ಪುತ್ತಿರಲಿಲ್ಲ, ರಜ ಮಾತ್ರ ಸಿಗುತ್ತಿರಲಿಲ್ಲ. ತಿಂಗಳಿಗೊಂದು ದಿನ ಅಜ್ಜಿ, "ಸಾಕಿ, ನನ್ ಮಗನ ಕಾಗ್ದ ಬಂತೇನವ್ವ?" ಎನ್ನುವಳು. ದೊಡ್ಡವ್ವ ರಾಗಿ ಡಬ್ಬದ ಹಿಂದಿನಿಂದ ನೀಲಿ ಇನ್‌ಲ್ಯಾಂಡ್ ಕಾಗದ ತೆಗೆದು ಅರ್ಧ ಗಂಟೆ ಓದುವಳು. ಮಂಜು ಬೀಳುವ ಬೆಟ್ಟ, ಲಾರಿಯ ಕೆಳಗೆ ಬೆಂಕಿ ಹಾಕಿ ಇಂಜಿನ್ ಕಾಯಿಸುವುದು, ಮಾಗಡಿ ಹತ್ತಿರದ ಕಲ್ಯದ ಕಡೆಯ ಹುಡುಗನೊಬ್ಬ ಜೊತೆಯಲ್ಲಿರುವುದು, ಇಬ್ಬರೂ ಸೇರಿ ಗೋಧಿ ಹಿಟ್ಟಿನಲ್ಲಿ ಮುದ್ದೆ ಮಾಡಲು ಹೋಗಿ ಅಂಟು ಕಾಯಿಸಿದಂತಾದದ್ದು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುವಳು. ಒಂದು ಸಲ ನಾನು ದೊಡ್ಡವ್ವನ ಬೆನ್ನ ಹಿಂದೆ ನಿಂತು ಭುಜದ ಮೇಲಿಂದ ಇಣುಕಿದೆ. ಆ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. "ನಾನು ಇಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದೇನೆ. ಇನ್ನು ಬರುವುದಿಲ್ಲ. ಅವ್ವನಿಗೆ ಹೇಳಬೇಡ."

ಆವತ್ತು ದೊಡ್ಡವ್ವ ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ ದೀಪ ಮುಟ್ಟಿಸಿದಳು. ಬೈಯಲಿಲ್ಲ. "ನೋಡು ಕೂಸೆ, ಇದು ನನಗೂ ನಿನಗೂ ಮಾತ್ರ ಗೊತ್ತಿರೋದು. ಅತ್ತೆ ಇರೋಗಂಟ ಅವರ ಮಗ ಇರ್ಲಿ," ಅಂದಳು. ನನ್ನನ್ನು ದೊಡ್ಡವಳೆಂದು ಲೆಕ್ಕಕ್ಕೆ ತೆಗೆದುಕೊಂಡು ಯಾರಾದರೂ ಮಾತಾಡಿದ್ದು ಅದೇ ಮೊದಲು. ಅಲ್ಲಿಂದಾಚೆಗೆ ತಿಂಗಳು ತಿಂಗಳೂ ಅದೇ ಹಳೆಯ ಕಾಗದ ತೆಗೆದು ಓದುವಾಗ ಅವಳು ಒಂದು ಸಲ ನನ್ನ ಕಡೆ ನೋಡಿ ಹುಬ್ಬು ಕುಣಿಸುತ್ತಿದ್ದಳು. ರಾಮನಗರ, ಕನಕಪುರ ಬಿಟ್ಟು ಆಚೆ ಹೋಗದ ಹೆಂಗಸು ಈ ಮಂಜನ್ನೆಲ್ಲ ಎಲ್ಲಿಂದ ತರುತ್ತಾಳೋ ಎಂದು ನಾನು ಕಣ್ಣುಬಾಯಿ ಬಿಟ್ಟು ಕೇಳುತ್ತಿದ್ದೆ.

ಇನ್ನು ಮಾವನ ವಿಷಯ. ಶಿವಣ್ಣ ಮಾವ ನಮ್ಮವ್ವನ ತಮ್ಮ, ಮಾಗಡಿಯಲ್ಲಿ ಮೇಷ್ಟರು. ಊರಿಗೆ ಟಿವಿ ಹೊಸದಾಗಿ ಬಂದಿದ್ದ ಕಾಲ ಅದು. ನಮ್ಮ ಬೀದಿಗೆಲ್ಲ ನಂಜಮ್ಮನ ಮನೆಯದೊಂದೇ ಟಿವಿ. ಅದರಲ್ಲಿ ಆಕಾಶದಲ್ಲಿ ಹಡಗು ಹಾರಿಸಿ ಯುದ್ಧ ಮಾಡುವ ಸೈನಿಕರ ಹಿಂದಿ ಧಾರಾವಾಹಿ ಬರುತ್ತಿತ್ತು. ಹಿಂದಿ ಯಾರಿಗೆ ಅರ್ಥವಾಗಬೇಕು? ಬೆಂಗಳೂರಿನ ಪ್ರಕಾಶಕರೊಬ್ಬರು ಅದೇ ಕತೆಯನ್ನು ಹಿಡಿದು 'ಆಕಾಶ ದಂಡು' ಎಂಬ ಪಾಕೆಟ್ ಪುಸ್ತಕಗಳ ಮಾಲೆ ಶುರುಮಾಡಿದರು. ಬರೆಯುವವನು ನಮ್ಮ ಮಾವ, ರಕ್ಷಾಪುಟದ ಮೇಲೆ ಬೇರೆ ಯಾವುದೋ ಹೆಸರು. ಹೊಸ ಪುಸ್ತಕ ಬಂದಾಗಲೆಲ್ಲ ಮಾವ ಒಂದು ಪ್ರತಿ ನಮಗೆ ಕೊಡುತ್ತಿದ್ದ. ದೊಡ್ಡವ್ವ ಓದಿ ಮುಗಿಸಿದ ದಿನ ಕೂತವರೆಲ್ಲ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು, ನಾನು ದುಂಡಗೆ ಬರೆದುಕೊಳ್ಳಬೇಕು. ಆ ಹಾಳೆ ಬೆಂಗಳೂರಿಗೆ ಹೋಗಿ ಮುಂದಿನ ಪುಸ್ತಕದ ಕೊನೆಯಲ್ಲಿ 'ಓದುಗರು ಏನಂತಾರೆ' ಎಂದು ಅಚ್ಚಾಗುತ್ತಿತ್ತು. ಅಕ್ಷರ ಬಾರದ ನಮ್ಮಜ್ಜಿಯೂ ಹೀಗೆ ಅಚ್ಚಿನಲ್ಲಿ ಬಂದ ಓದುಗರಲ್ಲೊಬ್ಬಳು.

ಮೂರನೆಯ ಪುಸ್ತಕಕ್ಕೆ ಅಜ್ಜಿ ಬರೆಸಿದ ಅಭಿಪ್ರಾಯ ಇಷ್ಟೇ: "ಬರೀ ಢಂ ಢಂ. ಇವುಕ್ಕೆ ಮನೆಮಠ ಇಲ್ವಾ?" ಹಾಳೆ ಒಯ್ಯಲು ಬಂದಿದ್ದ ಮಾವನ ಮುಖ ಸಪ್ಪಗಾಯಿತು. ಬಸ್ ಸ್ಟ್ಯಾಂಡಿನವರೆಗೂ ಅವನ ಚೀಲ ಹಿಡಿದುಕೊಂಡು ನಾನೂ ಹೋದೆ. "ಟಿವಿಯೋರು ಕೊಡೋದೇ ಗುಂಡು ಮದ್ದು ಕಣೆ ಪದ್ಮಿ. ಕಣ್ಣಲ್ಲಿ ನೀರು ತರ್ಸೋ ಅಂಥದ್ದು ಎಲ್ಲಿಂದ ತರ್ಲಿ?" ಅಂದ. ಪಾಪ ಅನ್ನಿಸಿತು. ಸುಳ್ಳು ಹೇಳಬಾರದು, ಪಾಪಕ್ಕಿಂತ ಜಂಬ ಹೆಚ್ಚಿತ್ತು. ನನಗೊಂದು ಗುಟ್ಟು ಗೊತ್ತಿದೆ ಎನ್ನುವ ಜಂಬ. ಮಾವ ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ನಾಣೆ, ಯಾರಿಗೂ ಹೇಳಾಕಿಲ್ಲ," ಅಂದ ಮೇಲೆ ದೊಡ್ಡವ್ವನ ಮೂರು ಸಾಲಿನ ಕಾಗದದ ಕತೆ ಪೂರ್ತಿ ಒಪ್ಪಿಸಿಬಿಟ್ಟೆ. ಅವನು ಪಿಳಿಪಿಳಿ ನೋಡಿದ. ಆಮೇಲೆ ನನಗೆ ಬೋಂಡ ಕೊಡಿಸಿದ. ಹೇಳಿದ ಮಾತಿಗೆ ತಕ್ಕ ಬೋಂಡ ಎಂದು ತಿಂದೆನಲ್ಲ, ಥೂ ನನ್ನ ಬಾಯಿಗಿಷ್ಟು!

ನಾಲ್ಕನೆಯ ಪುಸ್ತಕ ಬಂತು. ದೊಡ್ಡವ್ವ ಎಂದಿನಂತೆ ದೀಪದ ಗೂಡಿನ ಕೆಳಗೆ ಕೂತು ಶುರುಮಾಡಿದಳು, ನಾನು ಪಕ್ಕದಲ್ಲಿ. ಮೂರನೆಯ ದಿನ ಆ ಅಧ್ಯಾಯ ಸಿಕ್ಕಿತು. ಚಂದ್ರನ ಮೇಲೊಂದು ಸೈನಿಕರ ಠಾಣೆ. ಅಲ್ಲಿ ವೈರ್‌ಲೆಸ್ ಕೆಲಸದ ಒಬ್ಬ ಹೆಂಗಸು, ಕಣ್ಣು ಕಾಣದ ಅವಳ ಅತ್ತೆ. ಶನಿಗ್ರಹದ ಆಚೆ ದಂಡಿನಲ್ಲಿರುವ ಮಗ ಕಳಿಸಿದ್ದು ಮೂರೇ ಸಾಲು. ಸೊಸೆ ಆ ಮೂರು ಸಾಲನ್ನು ಕೈಯಲ್ಲಿ ಹಿಡಿದು ಅತ್ತೆಗೆ ಅರ್ಧ ಗಂಟೆ ಓದುತ್ತಾಳೆ. ಮಾವ ಆ ಸಾಲುಗಳನ್ನೂ ಬದಲಾಯಿಸಿರಲಿಲ್ಲ! ನನ್ನ ಕಣ್ಣು ಅಚ್ಚಿನ ಮೇಲೆ ಓಡುತ್ತಿತ್ತು, ಕಿವಿ ದೊಡ್ಡವ್ವನ ಬಾಯಿಯ ಕಡೆಗಿತ್ತು. ಆ ಸಾಲುಗಳು ಬಾಯಿಗೆ ಬರುವ ಮೊದಲೇ, ಪುಟ ತಿರುವುವಾಗ ಅವಳು ಒಂದು ಉಸಿರಿನಷ್ಟು ನಿಂತಳು. ತಿರುಗಿ ನನ್ನನ್ನು ನೋಡಿದಳು. ಹುಬ್ಬು ಕುಣಿಸಲಿಲ್ಲ. ಆಮೇಲೆ ಅದೇ ಗಂಟಲಿನಲ್ಲಿ ಮುಂದಕ್ಕೆ ಓದಿದಳು, ಅಚ್ಚಿನಲ್ಲಿ ಇಲ್ಲದ್ದನ್ನು. ಅವಳ ಬಾಯಲ್ಲಿ ಮಗ ಉದ್ದುದ್ದ ಕಾಗದ ಬರೆದ, ಶನಿಗ್ರಹದ ಚಳಿಗೆ ಬೈದ, ಹಬ್ಬಕ್ಕೆ ಬರುತ್ತೇನೆ ಎಂದ. ಹದಿನಾಲ್ಕು ಪುಟ ಹಾಗೇ ತಿರುವಿದಳು, ಒಂದು ಕಡೆಯೂ ತೊದಲಲಿಲ್ಲ. ಕೂತವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಪುಸ್ತಕ ಮುಗಿದ ದಿನ ಅಭಿಪ್ರಾಯ ಹೇಳುವ ಸರದಿ ಇತ್ತಲ್ಲ. ಮೊದಲು ಟಿವಿ ನಂಜಮ್ಮ. ಅವಳ ಮಗ ಬಸ್ ಸ್ಟ್ಯಾಂಡಿನಲ್ಲಿ ಅದೇ ಪುಸ್ತಕ ಕೊಂಡು ಮನೆಯಲ್ಲಿ ಅವಳಿಗೆ ಓದಿ ಹೇಳಿದ್ದನಂತೆ. "ಬರ್ಕೊ ಪದ್ಮಿ. ಆ ಹೆಂಗ್ಸು ಮೂರು ಸಾಲಿನ ಕಾಗ್ದ ಇಟ್ಕೊಂಡು ಅತ್ತೆಗೆ ಸುಳ್ಳು ಓದ್ತಾಳಲ್ಲ, ಅದು ಕರುಳು ಕಿತ್ತು ಬತ್ತದೆ. ಅಲ್ಲ ಸಾಕಮ್ಮ, ಅಂಥಾ ಭಾಗ್ವೇ ಹಾರಿಸ್ಬುಟ್ಟಲ್ಲ ನೀನು?" ಅಂದಳು. ದೊಡ್ಡವ್ವ ಪುಸ್ತಕ ಮಡಿಸಿ ಮಡಿಲಲ್ಲಿಟ್ಟುಕೊಂಡಳು. "ಎಂಥ ಮೂರ್ ಸಾಲು?" ಎಂದು ಅಜ್ಜಿ ಕೇಳಿದಳು. ನಂಜಮ್ಮನಿಗೆ ಅಷ್ಟೇ ಸಾಕಾಗಿತ್ತು. ಮಗ ಬೇರೆ ಸಂಸಾರ ಮಾಡಿಕೊಂಡದ್ದು, ಅವ್ವನಿಗೆ ಹೇಳಬೇಡ ಎಂದದ್ದು, ಕುರುಡು ಮುದುಕಿ ನಂಬಿಕೊಂಡು ನಗುತ್ತಿದ್ದದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದಳು. ಅವಳಿಗೆ ನಮ್ಮ ಮನೆಯ ವಿಷಯ ಏನೇನೂ ಗೊತ್ತಿರಲಿಲ್ಲ, ಅವಳನ್ನು ಬೈದು ಫಲವಿಲ್ಲ. ಅಜ್ಜಿಯ ಬೆರಳು ಮಣಿಯ ತೂತು ಹುಡುಕುತ್ತಲೇ ಇತ್ತು, ದಾರ ಒಳಕ್ಕೆ ಹೋಗಲಿಲ್ಲ. ಕೊನೆಗೆ ದಾರ ಕೆಳಗಿಟ್ಟು, "ನಂದೂ ಬರ್ಕೊ ಮಗ," ಅಂದಳು. "ಆ ಹುಡ್ಗಿ ಓದ್ತಿದ್ದ ಕಾಗ್ದ್ವೇ ಚೆಂದಾಗಿತ್ತು. ಮುದುಕಿಗೆ ಇದ್ನ ಯಾರೂ ಹೇಳ್ಬಾರ್ದಾಗಿತ್ತು." ಬರೆದೆ. ಅಕ್ಷರ ಗೆರೆಯಿಂದ ಕೆಳಗೆ ಇಳಿಯಿತು. ದೊಡ್ಡವ್ವನ ಕಡೆ ತಿರುಗಿದರೆ ಅವಳು ಏಳುತ್ತಿದ್ದಳು. "ನಂದೇನೂ ಇಲ್ಲ. ನಿನ್ ಅಭಿಪ್ರಾಯ ಬರಿ," ಎಂದು ಒಳಗೆ ಹೋದಳು. 'ಪದ್ಮ, ಆರನೇ ತರಗತಿ' ಎಂದು ಬರೆದು ಪೆನ್ನು ಹಿಡಿದು ಕೂತೆ.

ಮುಂದಿನ ತಿಂಗಳು ಅಜ್ಜಿ ಕಾಗದ ಕೇಳಲಿಲ್ಲ. ಅದರ ಮುಂದಿನ ತಿಂಗಳೂ ಕೇಳಲಿಲ್ಲ. ಆ ಚಳಿಗಾಲದಲ್ಲಿ ಹೋಗಿಬಿಟ್ಟಳು. ಮಗ ಮಣ್ಣಿಗೂ ಬರಲಿಲ್ಲ. ದೊಡ್ಡವ್ವ ತವರಿನ ಕಡೆಯವರಿದ್ದ ಕನಕಪುರಕ್ಕೆ ಹೊರಟು ರೇಷ್ಮೆ ಕೆಲಸಕ್ಕೆ ಸೇರಿಕೊಂಡಳು. ನನಗೆ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ, ಕೂಸೆ ಎಂದು ಕರೆಯುವುದನ್ನು ಮಾತ್ರ ಬಿಟ್ಟಳು. ಈ ನಡುವೆ ಒಮ್ಮೆ ಮಾವ ಏನೂ ಆಗದವನಂತೆ ಬಂದು ಅಭಿಪ್ರಾಯದ ಹಾಳೆ ಕೇಳಿದ. ಎಲ್ಲ ಕಡೆಯಿಂದ ಹೊಗಳಿಕೆಯ ಕಾಗದಗಳು ಬರುತ್ತಿವೆಯಂತೆ, ಎಲ್ಲರಿಗೂ ಆ ಸೊಸೆಯ ಭಾಗವೇ ಹಿಡಿಸಿದೆಯಂತೆ. "ನನ್ ತಲೆ ಮುಟ್ಟಿ ಆಣೆ ಮಾಡಿದ್ಯಲ್ಲ ಮಾವ?" ಎಂದೆ. ನಕ್ಕುಬಿಟ್ಟ. "ಲೇ ಹುಚ್ಚಿ, ಅದು ಚಂದ್ರನ ಮ್ಯಾಲೆ ನಡ್ದಿರೋದು ಕಣೆ, ನಿಮ್ಮನೇಲಲ್ಲ." ಆಣೆ ತಪ್ಪಿದರೆ ಸಾಯಬೇಕಾದವಳು ನಾನು, ಅವನಲ್ಲ. ಎಷ್ಟೋ ದಿನ ಇವತ್ತು ಸಾಯುತ್ತೇನೆ, ನಾಳೆ ಸಾಯುತ್ತೇನೆ ಎಂದು ಕಾದಿದ್ದೆ. ಹಾಳೆ ಅವನಿಗೆ ಕೊಡಲಿಲ್ಲ, ಇಲಿ ತಿಂದುಬಿಟ್ಟಿತು ಎಂದೆ. ಮುಂದೆ ಮಾಗಡಿಯಲ್ಲಿ ಅವನಿಗೆ ಶಾಲು ಹೊದೆಸಿ ಸನ್ಮಾನ ಮಾಡಿದಾಗಲೂ ಹೋಗಲಿಲ್ಲ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ತೀರಿಲ್ಲ.

ದೊಡ್ಡವ್ವನನ್ನು ಕೊನೆಯ ಸಲ ನೋಡಿದ್ದು ಕನಕಪುರದಲ್ಲಿ. ಪೊರೆ ಬಂದು ಎರಡು ಕಣ್ಣೂ ಮಸುಕಾಗಿದ್ದವು. ಹುಳಿ ಸಾರು, ಮುದ್ದೆ ಇಕ್ಕಿಸಿದಳು, ಗಂಡ ಮಕ್ಕಳ ಸುದ್ದಿ ಕೇಳಿದಳು, ಹಳೆಯದೇನನ್ನೂ ಎತ್ತಲಿಲ್ಲ. ಹೊರಡುವ ಹೊತ್ತಿಗೆ ತಲೆದಿಂಬಿನ ಅಡಿಯಿಂದ ಒಂದು ನೀಲಿ ಕಾಗದ ತೆಗೆದು ನನ್ನ ಕಡೆ ಚಾಚಿದಳು. ಮಡಿಕೆಯಲ್ಲೆಲ್ಲ ಹರಿದು ಬಟ್ಟೆಯ ಚೂರಿನಂತೆ ಮೆತ್ತಗಾಗಿತ್ತು. "ನಂಗೆ ಕಣ್ಣು ಕಾಣಾಕಿಲ್ಲ. ಒಸಿ ಓದು," ಅಂದಳು.

ಇಡೀ ಜೀವಮಾನ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಬೆಟ್ಟ, ಮಂಜು, ಲಾರಿ, ಕಲ್ಯದ ಹುಡುಗ, ಎಲ್ಲ ನಾಲಿಗೆಯ ತುದಿಯವರೆಗೆ ಬಂದವು. ಬಾಯಿಂದ ಹೊರಟದ್ದು ಅದರಲ್ಲಿದ್ದ ಮೂರೇ ಸಾಲು.

"ಅಷ್ಟೇನಾ?" ಅಂದಳು.

"ಅಷ್ಟೇ ದೊಡ್ಡವ್ವ."

ಅವಳು ಕಾಗದಕ್ಕೆ ಕೈ ಚಾಚಿದಳು, ಬೆರಳಿನಲ್ಲೇ ಹಳೆಯ ಮಡಿಕೆ ಹುಡುಕಿ ಮಡಿಸಿದಳು, ದಿಂಬಿನ ಅಡಿಗೆ ತಳ್ಳಿದಳು.

"ನಿಂಗೆ ಓದಾಕೆ ಬರಾಕಿಲ್ಲ, ಬುಡು."